ಹಂದಿಯ ರಕ್ತ ಮಾಡುವ ಕೆಲಸ, ಹಂದಿ ಸಾಕುವವನು ಮಾಡಬೇಕಾದ ಕೆಲಸ



ಹಂದಿ ಸಾಕಣೆ ಮಾಡುವವರ ಬಾಯಲ್ಲಿ ಎರಡು ಮಾತುಗಳು ಮೇಲಿಂದ ಮೇಲೆ ಕೇಳಿಬರುತ್ತವೆ. "ಲಸಿಕೆ ಹಾಕಿಸಿದ್ದೆವು, ಆದರೂ ಮರಿಗಳು ಸತ್ತವು, ಲಸಿಕೆಯಿಂದ ಏನೂ ಪ್ರಯೋಜನವಿಲ್ಲ" ಎಂಬುದು ಒಂದು ಮಾತು. "ನಮ್ಮದು ನಾಟಿ ತಳಿ, ಕೊಚ್ಚೆಯಲ್ಲಿ ಬೆಳೆದ ಮೈ, ಇದಕ್ಕೆ ಯಾವ ರೋಗವೂ ಹತ್ತದು" ಎಂಬುದು ಇನ್ನೊಂದು. ಈ ಎರಡು ಮಾತುಗಳೂ ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಅರ್ಧ ನಿಜವನ್ನು ನಂಬಿ ನಡೆಸಿದ ಬೇಸಾಯ ಹೇಗೆ ನಷ್ಟಕ್ಕೆ ಗುರಿಯಾಗುತ್ತದೆಯೋ ಹಾಗೆಯೇ ಅರ್ಧ ನಿಜವನ್ನು ನಂಬಿ ಕಟ್ಟಿದ ಹಂದಿಗೂಡೂ ಒಂದು ವಾರದಲ್ಲಿ ಖಾಲಿಯಾಗಿಬಿಡಬಹುದು.

ಹಂದಿಗೆ ವೈರಸ್ ಎಂಬ ನಂಜಾಣು ತಗಲಿದಾಗ ಅದರ ಮೈಯೊಳಗೆ ಏನು ನಡೆಯುತ್ತದೆ ಎಂಬುದನ್ನು ರೈತನಿಗೆ ಯಾರೂ ಬಿಡಿಸಿ ಹೇಳುವುದಿಲ್ಲ. ವಿಸ್ತರಣಾ ಕಾರ್ಯಕರ್ತರು "ಎರಡು ತಿಂಗಳಾದ ಮೇಲೆ ಲಸಿಕೆ ಹಾಕಿಸಿ" ಎಂದು ಚೀಟಿ ಕೊಡುತ್ತಾರೆ. ಏಕೆ ಎರಡು ತಿಂಗಳು, ಹುಟ್ಟಿದ ವಾರವೇ ಏಕೆ ಬೇಡ ಎಂಬುದನ್ನು ಹೇಳುವುದಿಲ್ಲ. ಕಾರಣ ತಿಳಿಯದೆ ಮಾಡಿದ ಕೆಲಸ ಒಂದು ಸಲ ತಪ್ಪಿದರೆ ಮತ್ತೆ ಮಾಡಲು ಮನಸ್ಸು ಬರುವುದಿಲ್ಲ. ಇದು ರೈತರ ದೋಷವೆಂದು ನಾನು ಹೇಳಲಾರೆ. ಆದ್ದರಿಂದ ಈ ಲೇಖನದಲ್ಲಿ ಹಂದಿಯ ರೋಗನಿರೋಧಕ ಶಕ್ತಿ ಎಲ್ಲಿ ಗೆಲ್ಲುತ್ತದೆ, ಎಲ್ಲಿ ಸೋಲುತ್ತದೆ ಎಂಬುದನ್ನು ಎರಡು ರೋಗಗಳ ಮೂಲಕ ನೋಡೋಣ. ಒಂದು, ನಮ್ಮಲ್ಲಿ ಬಹಳ ಕಾಲದಿಂದ ಇರುವ ಹಂದಿ ಜ್ವರ. ಇನ್ನೊಂದು, ೨೦೨೦ರಲ್ಲಿ ಅಸ್ಸಾಂ ಮತ್ತು ಅರುಣಾಚಲ ಪ್ರದೇಶಗಳ ಮೂಲಕ ನಮ್ಮ ದೇಶವನ್ನು ಹೊಕ್ಕ ಆಫ್ರಿಕನ್ ಹಂದಿ ಜ್ವರ. ಈ ಎರಡನೆಯದು ೨೦೨೨ರ ಜುಲೈ ತಿಂಗಳಲ್ಲಿ ಕೇರಳದ ವಯನಾಡಿನಲ್ಲಿ ಕಾಣಿಸಿಕೊಂಡಿತು. ವಯನಾಡೆಂದರೆ ನಮ್ಮ ಕೊಡಗಿನ ಪಕ್ಕದ ಮನೆ. ಹಂದಿ ಮಾಂಸವಿಲ್ಲದೆ ಹಬ್ಬವಾಗದ ನಾಡಿನ ಬಾಗಿಲಿಗೇ ರೋಗ ಬಂದು ನಿಂತಿತ್ತು ಎಂಬುದನ್ನು ನಾವು ಮರೆಯಬಾರದು.

ಬರಿಗೈಯಲ್ಲಿ ಹುಟ್ಟುವ ಮರಿ

ಮನುಷ್ಯರ ಮಗು ತಾಯಿಯ ಹೊಟ್ಟೆಯಲ್ಲಿರುವಾಗಲೇ ತಾಯಿಯ ರಕ್ತದಿಂದ ಒಂದಷ್ಟು ರಕ್ಷಣೆಯನ್ನು ಪಡೆದುಕೊಂಡು ಹುಟ್ಟುತ್ತದೆ. ಹಂದಿಮರಿಗೆ ಈ ಭಾಗ್ಯವಿಲ್ಲ. ತಾಯಿ ಹಂದಿಯ ರಕ್ತಕ್ಕೂ ಮರಿಯ ರಕ್ತಕ್ಕೂ ನಡುವೆ ಮಾಸಿನ ಪದರಗಳು ದಪ್ಪವಾಗಿರುವುದರಿಂದ ರೋಗದ ವಿರುದ್ಧ ಹೋರಾಡುವ ಪ್ರತಿಕಾಯಗಳು ದಾಟಿ ಬರಲಾರವು. ಆದ್ದರಿಂದ ಮರಿ ಹುಟ್ಟಿದ ಗಳಿಗೆಯಲ್ಲಿ ಅದರ ರಕ್ತದಲ್ಲಿ ಪ್ರತಿಕಾಯಗಳು ಇಲ್ಲವೆನ್ನುವಷ್ಟು ಕಡಿಮೆ. ತಾಯಿ ತನ್ನ ಆಸ್ತಿಯನ್ನು ಮರಿಗೆ ವರ್ಗಾಯಿಸುವುದು ಗಿಣ್ಣುಹಾಲಿನ ಮೂಲಕ ಮಾತ್ರ.

ಈ ವರ್ಗಾವಣೆಗೂ ಒಂದು ಗಡುವಿದೆ. ಹುಟ್ಟಿದ ಮರಿಯ ಕರುಳು ಗಿಣ್ಣಿನ ಪ್ರತಿಕಾಯಗಳನ್ನು ಒಡೆಯದೆ ಇಡಿಯಾಗಿ ರಕ್ತಕ್ಕೆ ಬಿಟ್ಟುಕೊಳ್ಳುವುದು ಮೊದಲ ಕೆಲವು ಗಂಟೆಗಳಲ್ಲಿ. ಗಂಟೆ ಕಳೆದಂತೆ ಆ ಬಾಗಿಲು ಮುಚ್ಚುತ್ತಾ ಬಂದು, ಒಂದರಿಂದ ಒಂದೂವರೆ ದಿನದೊಳಗೆ ಪೂರ್ತಿ ಮುಚ್ಚಿಹೋಗುತ್ತದೆ. ಮೊದಲ ಆರು ಗಂಟೆಗಳಲ್ಲಿ ಹೊಟ್ಟೆ ತುಂಬ ಗಿಣ್ಣು ಕುಡಿದ ಮರಿಗೂ, ಮರುದಿನ ಕುಡಿದ ಮರಿಗೂ ಅಜಗಜಾಂತರ. ಮರುದಿನ ಕುಡಿದ ಹಾಲು ಹೊಟ್ಟೆ ತುಂಬಿಸುತ್ತದೆ, ಕರುಳಿನ ಒಳಮೈಯನ್ನು ಒಂದಷ್ಟು ಕಾಯುತ್ತದೆ, ಆದರೆ ರಕ್ತಕ್ಕೆ ಸೇರುವುದಿಲ್ಲ. ಹತ್ತು ಹನ್ನೆರಡು ಮರಿ ಹಾಕಿದ ತಾಯಿಯ ಮುಂದಿನ ಮೊಲೆಗಳನ್ನು ಗಟ್ಟಿಮುಟ್ಟಾದ ಮರಿಗಳು ಹಿಡಿದುಬಿಡುತ್ತವೆ. ಕೊನೆಗೆ ಹುಟ್ಟಿದ ಸಣಕಲು ಮರಿ ಚಳಿಯಲ್ಲಿ ನಡುಗುತ್ತಾ ಮೂಲೆಯಲ್ಲಿ ಬಿದ್ದಿರುತ್ತದೆ. ನವಜಾತ ಹಂದಿಮರಿಗೆ ತನ್ನ ಮೈಯನ್ನು ತಾನೇ ಬೆಚ್ಚಗಿಟ್ಟುಕೊಳ್ಳುವ ಶಕ್ತಿ ತೀರ ಕಡಿಮೆ. ಚಳಿ ಹಿಡಿದ ಮರಿ ಮೊಲೆ ಹುಡುಕಿಕೊಂಡು ಹೋಗುವುದಿಲ್ಲ, ಮೊಲೆಗೆ ಹೋಗದ ಮರಿಗೆ ಗಿಣ್ಣಿಲ್ಲ, ಗಿಣ್ಣಿಲ್ಲದ ಮರಿ ಮುಂದೆ ಬರುವ ಎಲ್ಲ ರೋಗಕ್ಕೂ ಮೊದಲ ತುತ್ತು. ಈಯುವ ರಾತ್ರಿ ಒಬ್ಬರು ಎದ್ದಿದ್ದು, ಮರಿಗಳನ್ನು ಒರೆಸಿ, ಒಣಹುಲ್ಲಿನಲ್ಲಿ ಬೆಚ್ಚಗಿಟ್ಟು, ಸಣಕಲು ಮರಿಗಳ ಬಾಯಿಗೆ ಮೊಲೆ ಕೊಡಿಸುವುದು ಯಾವ ಅಂಗಡಿಯ ಟಾನಿಕ್ಕಿಗಿಂತಲೂ ಮೇಲು. ಟಾನಿಕ್ಕುಗಳ ವಿಷಯಕ್ಕೆ ಆಮೇಲೆ ಬರುತ್ತೇನೆ.

ಈಗ ಲಸಿಕೆಯ ಲೆಕ್ಕಕ್ಕೆ ಬರೋಣ. ತಾಯಿಗೆ ಹಂದಿ ಜ್ವರದ ಲಸಿಕೆ ಹಾಕಿಸಿದ್ದರೆ ಅವಳ ಗಿಣ್ಣಿನಲ್ಲಿ ಆ ರೋಗದ ಪ್ರತಿಕಾಯಗಳು ಧಾರಾಳವಾಗಿರುತ್ತವೆ. ಇವು ಮರಿಯ ರಕ್ತದಲ್ಲಿ ಸುಮಾರು ಎರಡು ವಾರಕ್ಕೊಮ್ಮೆ ಅರ್ಧಕ್ಕಿಳಿಯುತ್ತಾ ಹೋಗುತ್ತವೆ. ಇವು ಜೋರಾಗಿರುವಾಗಲೇ ಮರಿಗೆ ಲಸಿಕೆ ಚುಚ್ಚಿದರೆ ಏನಾಗುತ್ತದೆ? ಲಸಿಕೆಯಲ್ಲಿರುವುದು ಬಲಗುಂದಿಸಿದ ಜೀವಂತ ವೈರಸ್ಸು. ತಾಯಿ ಕೊಟ್ಟ ಪ್ರತಿಕಾಯಗಳು ಅದನ್ನೂ ಶತ್ರುವೆಂದೇ ತಿಳಿದು ಹಿಡಿದು ಮುಗಿಸಿಬಿಡುತ್ತವೆ. ಮರಿಯ ಮೈ ಪಾಠ ಕಲಿಯುವ ಮೊದಲೇ ಮೇಷ್ಟರನ್ನು ಬಾಗಿಲಲ್ಲೇ ಹೊಡೆದು ಓಡಿಸಿದಂತಾಯಿತು! ಕೆಲವು ವಾರಗಳಲ್ಲಿ ತಾಯಿಯ ಪ್ರತಿಕಾಯಗಳೂ ಮುಗಿಯುತ್ತವೆ, ಲಸಿಕೆಯ ಪಾಠವೂ ಇಲ್ಲ. ರೈತ ಮಾತ್ರ ಲಸಿಕೆ ಹಾಕಿಸಿದ್ದೇನೆಂದು ನಿಶ್ಚಿಂತನಾಗಿರುತ್ತಾನೆ. "ಲಸಿಕೆ ಹಾಕಿಸಿದರೂ ಸತ್ತವು" ಎನ್ನುವ ದೂರುಗಳಲ್ಲಿ ಒಂದು ಪಾಲು ಇಲ್ಲಿಂದ ಹುಟ್ಟುತ್ತದೆ. ಲಸಿಕೆ ಪಡೆದ ತಾಯಿಯ ಮರಿಗಳಿಗೆ ಎರಡರಿಂದ ಮೂರು ತಿಂಗಳ ವಯಸ್ಸಿನಲ್ಲಿ ಹಾಕಿಸಬೇಕೆಂಬ ಸಲಹೆಗೆ ಇದೇ ಕಾರಣ. ತಾಯಿಗೆ ಲಸಿಕೆ ಆಗಿಲ್ಲವೆಂದಾದರೆ ಮರಿಗೆ ಅಷ್ಟು ದಿನ ಕಾಯುವುದು ಅಪಾಯ. ಇದನ್ನು ಪಶುವೈದ್ಯರಿಗೆ ತಿಳಿಸಿ ದಿನ ಗೊತ್ತುಮಾಡಿಕೊಳ್ಳಿರಿ. ಹಾಗೆಂದರೆ ಯಾವ ತಾಯಿಗೆ ಯಾವ ದಿನ ಲಸಿಕೆ ಆಯಿತು ಎಂಬುದನ್ನು ಗೋಡೆಯ ಮೇಲಾದರೂ ಸರಿ ಬರೆದಿಡಬೇಕು. ಹಾಲಿನ ಲೆಕ್ಕ ಬರೆಯುವ ನಾವು ಇದನ್ನೇಕೆ ಬರೆಯುವುದಿಲ್ಲವೋ ತಿಳಿಯದು.

ಹಂದಿ ಜ್ವರ: ಕಲಿಸಿದರೆ ಕಲಿಯುವ ಪಾಠ

ವೈರಸ್ಸು ತಾನಾಗಿ ಬದುಕಲಾರದು. ಹಂದಿಯ ಜೀವಕೋಶದೊಳಗೆ ಹೊಕ್ಕು ಅಲ್ಲಿಯ ಸಾಮಗ್ರಿಯಿಂದಲೇ ತನ್ನ ಸಂತಾನವನ್ನು ಬೆಳೆಸಬೇಕು. ಹೀಗೆ ದಾಳಿಗೊಳಗಾದ ಕೋಶವು ಸಾಯುವ ಮುನ್ನ ಅಕ್ಕಪಕ್ಕದ ಕೋಶಗಳಿಗೆ ಎಚ್ಚರಿಕೆಯ ರಸವೊಂದನ್ನು ಕಳುಹಿಸುತ್ತದೆ. ಇದನ್ನು ಇಂಟರ್‌ಫೆರಾನ್ ಎನ್ನುತ್ತಾರೆ. ೧೯೫೭ರಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಎಂಬ ವಿಜ್ಞಾನಿಗಳು ಇದನ್ನು ಕಂಡುಹಿಡಿದರು. ಕಳ್ಳ ಬಂದ ಮನೆಯವರು ಕೂಗಿಕೊಂಡಾಗ ನೆರೆಮನೆಯವರು ಅಗಣಿ ಹಾಕಿಕೊಳ್ಳುವಂತೆ, ಈ ಕೂಗು ಕೇಳಿದ ಕೋಶಗಳು ವೈರಸ್ಸಿಗೆ ಎಡೆಗೊಡದಂತೆ ತಮ್ಮನ್ನು ಬಿಗಿಮಾಡಿಕೊಳ್ಳುತ್ತವೆ. ಮೈ ಬಿಸಿಯಾಗುವುದೂ ಈ ಹೋರಾಟದ ಒಂದು ಭಾಗವೇ. ಇದು ಮೊದಲ ಗಂಟೆಗಳ ಕೆಲಸ. ಆ ರೋಗಕ್ಕೇ ತಕ್ಕ ಪ್ರತಿಕಾಯಗಳನ್ನೂ, ರೋಗ ಹತ್ತಿದ ಕೋಶಗಳನ್ನು ಗುರುತಿಸಿ ಕೊಲ್ಲುವ ಬಿಳಿ ರಕ್ತಕಣಗಳನ್ನೂ ತಯಾರುಮಾಡಲು ಹಂದಿಗೆ ಒಂದರಿಂದ ಮೂರು ವಾರ ಬೇಕು. ವೈರಸ್ ರೋಗವೆಂದರೆ ಈ ವಾರಗಳ ಓಟದ ಪಂದ್ಯ.

ಹಂದಿ ಜ್ವರದ ವೈರಸ್ಸು ಬಾಯಿ ಮೂಗಿನಿಂದ ಒಳಹೊಕ್ಕು ಮೊದಲು ಗಂಟಲಿನ ಟಾನ್ಸಿಲ್ಲಿನಲ್ಲಿ ಮನೆಮಾಡುತ್ತದೆ. ಅಲ್ಲಿಂದ ಗ್ರಂಥಿಗಳಿಗೆ, ರಕ್ತಕ್ಕೆ, ಗುಲ್ಮಕ್ಕೆ, ಎಲುಬಿನ ಮಜ್ಜೆಗೆ ಹರಡುತ್ತದೆ. ಇದರ ದುಷ್ಟತನ ಎರಡು ಬಗೆಯದು. ತಾನು ಹೊಕ್ಕ ಕೋಶದ ಕೂಗನ್ನು ಕತ್ತು ಹಿಸುಕಿ ನಿಲ್ಲಿಸುತ್ತದೆ. ಅದೇ ಹೊತ್ತಿಗೆ ಬಿಳಿ ರಕ್ತಕಣಗಳು ದೇಹದಾದ್ಯಂತ ಸಾಯುವಂತೆ ಮಾಡುತ್ತದೆ. ಆರೋಗ್ಯವಂತ ಹಂದಿಯ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ೧೦ ಸಾವಿರಕ್ಕಿಂತ ಹೆಚ್ಚು ಬಿಳಿಕಣಗಳಿರುತ್ತವೆ. ಹಂದಿ ಜ್ವರ ಹಿಡಿದಾಗ ಇದು ೮ ಸಾವಿರಕ್ಕಿಂತಲೂ ಕೆಳಗಿಳಿಯುತ್ತದೆ. ಹಂದಿ ಇನ್ನೂ ಮೇವು ತಿನ್ನುತ್ತಿರುವಾಗಲೇ ಈ ಇಳಿತ ಆರಂಭವಾಗಿರುವುದುಂಟು.

ಕಾವಲುಗಾರರು ಸತ್ತ ಊರಿಗೆ ಕಂಡಕಂಡ ಕಳ್ಳರು ನುಗ್ಗುತ್ತಾರೆ. ಸಾಮಾನ್ಯ ಕಾಲದಲ್ಲಿ ಹಂದಿಯ ಗಂಟಲಿನಲ್ಲಿ, ಕರುಳಿನಲ್ಲಿ ಸುಮ್ಮನಿದ್ದ ಬ್ಯಾಕ್ಟೀರಿಯಾಗಳು ಈಗ ನ್ಯುಮೋನಿಯ, ಭೇದಿಗಳನ್ನು ಉಂಟುಮಾಡುತ್ತವೆ. ಇದು ಎಂಥ ಮೋಸದ ಆಟವೆಂಬುದಕ್ಕೆ ಒಂದು ಹಳೆಯ ಪ್ರಸಂಗವಿದೆ. ಅಮೆರಿಕದಲ್ಲಿ ೧೮೮೫ರ ಸುಮಾರಿಗೆ ಸಾಲ್ಮನ್ ಮತ್ತು ಸ್ಮಿತ್ ಎಂಬ ಹೆಸರಾಂತ ವಿಜ್ಞಾನಿಗಳು ಈ ಜ್ವರದಿಂದ ಸತ್ತ ಹಂದಿಗಳಲ್ಲಿ ಒಂದು ಬ್ಯಾಕ್ಟೀರಿಯಾವನ್ನು ಕಂಡು, ಇದೇ ರೋಗಕ್ಕೆ ಮೂಲವೆಂದು ಸಾರಿದರು. ಸುಮಾರು ಎರಡು ದಶಕ ಎಲ್ಲರೂ ಹಾಗೆಯೇ ನಂಬಿದ್ದರು. ೧೯೦೩ರಲ್ಲಿ ಡಿ ಶ್ವೈನಿಟ್ಸ್ ಮತ್ತು ಡಾರ್ಸೆಟ್ ಎಂಬವರು, ಬ್ಯಾಕ್ಟೀರಿಯಾಗಳು ದಾಟಲಾರದ ಸೋಸುಕದ ಮೂಲಕ ರಕ್ತದ್ರವವನ್ನು ಸೋಸಿ ಹಂದಿಗೆ ಚುಚ್ಚಿದರೂ ರೋಗ ಬರುತ್ತದೆಂದು ತೋರಿಸಿದಾಗಲೇ ನಿಜವಾದ ಕಳ್ಳ ವೈರಸ್ಸು ಎಂಬುದು ಬಯಲಾದದ್ದು. ಸಾಲ್ಮನ್ನನ ಹೆಸರು ಆ ಬ್ಯಾಕ್ಟೀರಿಯಾದ ವಂಶಕ್ಕೆ ಸಾಲ್ಮೊನೆಲ್ಲ ಎಂದು ಇಂದಿಗೂ ಉಳಿದುಕೊಂಡಿದೆ. ಇಂದು ನಮ್ಮ ಹಳ್ಳಿಗಳಲ್ಲಿಯೂ ಇದೇ ಕಥೆ ನಡೆಯುತ್ತದೆ. ಜ್ವರ ಬಂದ ಹಂದಿಗೆ ಆಂಟಿಬಯೋಟಿಕ್ ಚುಚ್ಚಿಸುತ್ತಾರೆ, ಎರಡು ದಿನ ಸ್ವಲ್ಪ ಗೆಲುವಾದಂತೆ ಕಾಣುತ್ತದೆ, ಮೂರನೆಯ ದಿನ ಹಂದಿ ಸಾಯುತ್ತದೆ. ಔಷಧ ಹೊಡೆದದ್ದು ಹಿಂದಿನಿಂದ ಬಂದ ಕಳ್ಳರನ್ನು; ಮುಂದೆ ಬಂದವನಿಗೆ ಅದರಿಂದ ಕೂದಲೂ ಕೊಂಕುವುದಿಲ್ಲ.

ಆದರೂ ಹಂದಿ ಜ್ವರದ ವಿಷಯದಲ್ಲಿ ನಮಗೆ ಧೈರ್ಯ ಕೊಡುವ ಸಂಗತಿಯೆಂದರೆ, ಹಂದಿಯ ಮೈ ಈ ಪಾಠವನ್ನು ಚೆನ್ನಾಗಿ ಕಲಿಯಬಲ್ಲದು. ಜೀವಂತ ಲಸಿಕೆ ಸರಿಯಾಗಿ ಹಿಡಿದರೆ ಒಂದು ವಾರದೊಳಗೆ, ರಕ್ತದಲ್ಲಿ ಪ್ರತಿಕಾಯಗಳು ಕಾಣಿಸುವ ಮೊದಲೇ, ಕೋಶಗಳ ಮಟ್ಟದಲ್ಲಿ ರಕ್ಷಣೆ ಆರಂಭವಾಗುತ್ತದೆ. ನಮ್ಮ ದೇಶದಲ್ಲಿ ಬಹುಕಾಲ ಬಳಕೆಯಲ್ಲಿದ್ದದ್ದು ಮೊಲಗಳಲ್ಲಿ ಬೆಳೆಸಿ ಅವುಗಳ ಗುಲ್ಮದಿಂದ ತೆಗೆಯುವ ಲಸಿಕೆ. ಮೊಲ ಕೊಂದು ಎಷ್ಟು ಡೋಸು ಮಾಡಲಾದೀತು? ಬೇಡಿಕೆಯ ಮುಂದೆ ಅದು ಯಾವಾಗಲೂ ಅರೆಕಾಸಿನ ಮಜ್ಜಿಗೆ. ಇಜ್ಜತ್‌ನಗರದ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯವರು ನಮ್ಮ ದೇಶದ್ದೇ ವೈರಸ್ಸಿನಿಂದ, ಪ್ರಯೋಗಾಲಯದ ಜೀವಕೋಶಗಳಲ್ಲಿ ಬೆಳೆಸಬಹುದಾದ ಲಸಿಕೆಯನ್ನು ಸಿದ್ಧಪಡಿಸಿ ೨೦೨೦ರಲ್ಲಿ ಬಿಡುಗಡೆ ಮಾಡಿದರು. ಇದು ದೊಡ್ಡ ಕೆಲಸ. ಆದರೆ ಇಜ್ಜತ್‌ನಗರದಲ್ಲಿ ಆದ ದೊಡ್ಡ ಕೆಲಸ ಹಳ್ಳಿಯ ಹಂದಿಯ ಕತ್ತಿಗೆ ತಲುಪುವುದು ಮಂಜುಗಡ್ಡೆಯ ಪೆಟ್ಟಿಗೆಯ ಮೂಲಕ. ಬಿಸಿಲಲ್ಲಿ ಬೈಕಿನ ಚೀಲದಲ್ಲಿ ಬಂದ ಲಸಿಕೆ, ಕಲಸಿ ಅರ್ಧ ದಿನ ಇಟ್ಟ ಲಸಿಕೆ, ಸ್ಪಿರಿಟ್ಟಿನಲ್ಲಿ ತೊಳೆದು ಒಣಗಿಸದ ಸೂಜಿಯಿಂದ ಹಾಕಿದ ಲಸಿಕೆ ಇವೆಲ್ಲ ಸತ್ತ ಲಸಿಕೆಗಳು. ಹಾಕುವವರನ್ನು "ಐಸು ಇದೆಯೇ, ಯಾವಾಗ ಕಲಸಿದ್ದು?" ಎಂದು ಕೇಳಲು ಸಂಕೋಚ ಬೇಡ. ಜ್ವರ ಬಂದ ಹಂದಿಗೆ ಲಸಿಕೆ ಚುಚ್ಚಿ ಅದೇ ಸೂಜಿಯನ್ನು ಪಕ್ಕದ ಹಂದಿಗೆ ಚುಚ್ಚುವುದಂತೂ ರೋಗವನ್ನು ನಾವೇ ಹಂಚಿದಂತೆ.

ಇನ್ನೊಂದು ವಿಚಿತ್ರವನ್ನು ಇಲ್ಲಿ ಹೇಳಲೇಬೇಕು. ಗರ್ಭದ ನಡುಗಾಲದಲ್ಲಿ, ಅಂದರೆ ಸುಮಾರು ೫೦ರಿಂದ ೭೦ ದಿನಗಳ ನಡುವೆ, ತಾಯಿಗೆ ಹಂದಿ ಜ್ವರದ ಲಘುವಾದ ಸೋಂಕು ತಗಲಿದರೆ ವೈರಸ್ಸು ಮರಿಗಳಿಗೂ ದಾಟುತ್ತದೆ. ಆಗ ಮರಿಯ ರೋಗನಿರೋಧಕ ವ್ಯವಸ್ಥೆ ತನ್ನವರು ಯಾರು, ಹೊರಗಿನವರು ಯಾರು ಎಂದು ಕಲಿಯುತ್ತಿರುವ ಕಾಲ. ಕಲಿಯುವಾಗಲೇ ಮನೆಯೊಳಗಿದ್ದ ವೈರಸ್ಸನ್ನು ಅದು ಮನೆಯವನೆಂದೇ ಎಣಿಸಿಬಿಡುತ್ತದೆ! ಇಂಥ ಮರಿ ನೋಡಲು ಚೆನ್ನಾಗಿಯೇ ಹುಟ್ಟಬಹುದು. ಕೆಲವು ತಿಂಗಳು ಬದುಕಲೂಬಹುದು. ಆದರೆ ವೈರಸ್ಸಿನ ವಿರುದ್ಧ ಪ್ರತಿಕಾಯಗಳನ್ನು ಮಾಡುವುದೇ ಇಲ್ಲ. ಸಾಯುವವರೆಗೂ ಉಸಿರಿನಲ್ಲಿ, ಮಲಮೂತ್ರದಲ್ಲಿ ವೈರಸ್ಸನ್ನು ಸುರಿಸುತ್ತಲೇ ಇರುತ್ತದೆ. ಸಂತೆಯಲ್ಲಿ ಅಗ್ಗಕ್ಕೆ ಸಿಗುವ, ಏಕೋ ಬೆಳವಣಿಗೆ ಕುಂಠಿತವಾದ ಮರಿ ಇಂಥದ್ದಾಗಿರಬಹುದು. ಸಂತೆಯಿಂದ ತಂದ ಯಾವ ಹಂದಿಯನ್ನೇ ಆಗಲಿ ಒಂದು ತಿಂಗಳು ಬೇರೆ ಗೂಡಿನಲ್ಲಿಡಿ ಎಂದು ಹೇಳುವುದು ಬರಿಯ ಶಾಸ್ತ್ರಕ್ಕಲ್ಲ.

ಬೇಲಿಯೇ ಹೊಲ ಮೇಯ್ದಾಗ

ಆಫ್ರಿಕನ್ ಹಂದಿ ಜ್ವರ ಹೊರನೋಟಕ್ಕೆ ಹಂದಿ ಜ್ವರದಂತೆಯೇ ಕಾಣುತ್ತದೆ. ಅದೇ ೪೧-೪೨ ಡಿಗ್ರಿ ಸೆಂಟಿಗ್ರೇಡಿನ ಜ್ವರ, ಅದೇ ಒಂದರ ಮೇಲೊಂದು ಬಿದ್ದು ಮಲಗುವುದು, ಅದೇ ಕೆಂಪು ನೀಲಿಗಟ್ಟಿದ ಕಿವಿ ಹೊಟ್ಟೆಗಳು, ಅದೇ ಗರ್ಭಪಾತ. ಎಂಥ ಅನುಭವಿ ವೈದ್ಯರೂ ಕಣ್ಣಿನಿಂದ ನೋಡಿ ಎರಡನ್ನೂ ಬೇರ್ಪಡಿಸಲಾರರು, ಪ್ರಯೋಗಾಲಯವೇ ಹೇಳಬೇಕು. ಆದರೆ ಎರಡೂ ವೈರಸ್ಸುಗಳಿಗೆ ಯಾವ ನೆಂಟಸ್ತಿಕೆಯೂ ಇಲ್ಲ. ಒಂದಕ್ಕೆ ಹಾಕಿಸಿದ ಲಸಿಕೆ ಇನ್ನೊಂದನ್ನು ತಡೆಯುವುದಿಲ್ಲ. "ಲಸಿಕೆ ಹಾಕಿಸಿದರೂ ಸತ್ತವು" ಎಂಬ ದೂರಿನ ಇನ್ನೊಂದು ಪಾಲು ಇಲ್ಲಿದೆ. ಸರಿಯಾಗಿ ಲಸಿಕೆ ಪಡೆದ ಹಿಂಡಿನಲ್ಲಿ ದೊಡ್ಡ ಹಂದಿಗಳೂ ಜ್ವರದಿಂದ ಸಾಲಾಗಿ ಸಾಯತೊಡಗಿದರೆ ಲಸಿಕೆಯನ್ನು ಬೈಯುವ ಮೊದಲು ಆಫ್ರಿಕನ್ ಹಂದಿ ಜ್ವರವನ್ನು ಶಂಕಿಸಿರಿ.

ಈ ರೋಗವನ್ನು ಮೊದಲು ವಿವರಿಸಿದವನು ಮಾಂಟ್ಗೊಮರಿ. ಕೀನ್ಯದಲ್ಲಿ ಬಿಳಿಯ ವಲಸೆಗಾರರು ತಂದು ಸಾಕಿದ್ದ ಹಂದಿಗಳು ಸಾಯುತ್ತಿದ್ದುದನ್ನು ಅಧ್ಯಯನ ಮಾಡಿ ೧೯೨೧ರಲ್ಲಿ ಪ್ರಕಟಿಸಿದ. ಅಲ್ಲಿಯ ಕಾಡಿನ ವಾರ್ಟ್‌ಹಾಗ್ ಎಂಬ ಹಂದಿಗೂ, ಅದರ ಬಿಲದಲ್ಲಿರುವ ಮೆತ್ತನೆಯ ಮೈಯ ಉಣ್ಣೆಗಳಿಗೂ ಈ ವೈರಸ್ಸಿಗೂ ಅನಾದಿ ಕಾಲದ ಒಪ್ಪಂದ. ವಾರ್ಟ್‌ಹಾಗಿಗೆ ಸೋಂಕು ತಗಲಿದರೂ ರೋಗ ಕಾಣದು. ನಮ್ಮ ಸಾಕುಹಂದಿ ಮತ್ತು ಕಾಡುಹಂದಿಗಳಿಗೆ ಅಂಥ ಒಪ್ಪಂದವಿಲ್ಲ. ನಾಟಿ ತಳಿಯ ಮೇಲೆ ಭರವಸೆಯಿಟ್ಟವರು ಇದನ್ನು ಗಮನಿಸಬೇಕು. ಪಟ್ಟಣದ ಸೌಕರ್ಯ ಕಾಣದ, ಯಾರ ಆರೈಕೆಯೂ ಇಲ್ಲದೆ ಬೆಳೆದ ಯೂರೋಪಿನ ಕಾಡುಹಂದಿಗಳೇ ಈ ರೋಗದಿಂದ ಸತ್ತು ಬಿದ್ದಿವೆ. ಕೊಚ್ಚೆಯಲ್ಲಿ ಬೆಳೆದ ನಾಟಿ ಹಂದಿ ಅಲ್ಲಿಯ ಹುಳು, ಬ್ಯಾಕ್ಟೀರಿಯಾಗಳಿಗೆ ಒಂದಷ್ಟು ಒಗ್ಗಿಕೊಂಡಿರಬಹುದು ನಿಜ. ತನ್ನ ವಂಶದಲ್ಲಿ ಯಾರೂ ಕಾಣದ ಶತ್ರುವಿಗೆ ಅದು ಒಗ್ಗಿಕೊಂಡಿರುವುದು ಹೇಗೆ?

ವೈರಸ್ಸು, ಬ್ಯಾಕ್ಟೀರಿಯಾ, ಸತ್ತ ಕೋಶ ಇವನ್ನೆಲ್ಲ ನುಂಗಿ ಅರಗಿಸುವ ಭಕ್ಷಕ ಕಣಗಳೆಂಬ ಕಾವಲುಗಾರರು ಹಂದಿಯ ಮೈಯಲ್ಲಿ ಎಲ್ಲೆಡೆ ಇರುತ್ತವೆ. ನುಂಗಿದ ಶತ್ರುವಿನ ಚೂರುಗಳನ್ನು ಇತರ ಬಿಳಿಕಣಗಳಿಗೆ ತೋರಿಸಿ "ಇವನನ್ನು ನೋಡಿಕೊಳ್ಳಿ" ಎಂದು ಪಾಠ ಹೇಳುವವೂ ಇವೇ. ಆಫ್ರಿಕನ್ ಹಂದಿ ಜ್ವರದ ವೈರಸ್ಸು ಬೆಳೆಯುವುದು ನೇರವಾಗಿ ಈ ಭಕ್ಷಕ ಕಣಗಳೊಳಗೇ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು ಎಂಬ ಗಾದೆಗೆ ಇದಕ್ಕಿಂತ ತಕ್ಕ ಉದಾಹರಣೆ ಸಿಕ್ಕದು. ಇದು ಬಹಳ ದೊಡ್ಡ ವೈರಸ್ಸು, ೧೫೦ಕ್ಕಿಂತ ಹೆಚ್ಚು ಬಗೆಯ ಸಸಾರಜನಕಗಳನ್ನು ತಯಾರಿಸಬಲ್ಲದು. ಅವುಗಳಲ್ಲಿ ಹಲವು ಹಂದಿಯ ಎಚ್ಚರಿಕೆಯ ಕೂಗನ್ನು ಅಡಗಿಸಲೆಂದೇ ಇರುವಂಥವು. ಸೋಂಕು ಹತ್ತಿದ ಭಕ್ಷಕ ಕಣಗಳು ಹುಚ್ಚು ಹಿಡಿದಂತೆ ರಾಸಾಯನಿಕಗಳನ್ನು ಸುರಿಸುತ್ತವೆ. ಅದರ ಪೆಟ್ಟಿಗೆ ಸೋಂಕೇ ತಗಲದ ಪಕ್ಕದ ಬಿಳಿಕಣಗಳು ಸಾಯುತ್ತವೆ, ರಕ್ತನಾಳಗಳು ಸೋರುತ್ತವೆ, ಗುಲ್ಮ ರಕ್ತ ತುಂಬಿ ಕಪ್ಪಾಗಿ ಹಲವು ಪಟ್ಟು ಊದಿಕೊಳ್ಳುತ್ತದೆ. ತೀವ್ರ ಬಗೆಯ ರೋಗದಲ್ಲಿ ಹಂದಿ ಸಾಯುವುದು ಪ್ರತಿಕಾಯಗಳು ಸಜ್ಜಾಗುವ ಮೊದಲೇ. ಹಿಂಡಿಗೆ ಹಿಂಡೇ ಹೋಗುವುದುಂಟು.

ಅಪರೂಪಕ್ಕೆ ಬದುಕುಳಿದ ಹಂದಿಯ ರಕ್ತದಲ್ಲಿ ಪ್ರತಿಕಾಯಗಳು ಬೇಕಾದಷ್ಟು ಇರುತ್ತವೆ. ಆದರೆ ಈ ಪ್ರತಿಕಾಯಗಳು ಪೊಲೀಸರಲ್ಲ, ಬರಿಯ ಸಾಕ್ಷಿಗಳು. ವೈರಸ್ಸು ಬಂದು ಹೋಗಿದೆ ಎಂದು ಹೇಳಬಲ್ಲವು, ಅದನ್ನು ಪೂರ್ತಿ ಕಟ್ಟಿಹಾಕಲಾರವು. ರಕ್ಷಣೆಯ ಮುಖ್ಯ ಭಾರ ಸೋಂಕಿತ ಕೋಶಗಳನ್ನು ಕೊಲ್ಲುವ ಬಿಳಿಕಣಗಳ ಮೇಲಿದೆ. ೨೦೦೫ರಲ್ಲಿ ಇಂಗ್ಲೆಂಡಿನ ಪರ್‌ಬ್ರೈಟ್‌ನ ವಿಜ್ಞಾನಿಗಳು, ಸೌಮ್ಯ ವೈರಸ್ಸಿನಿಂದ ರಕ್ಷಣೆ ಪಡೆದಿದ್ದ ಹಂದಿಗಳಲ್ಲಿ ಆ ಬಗೆಯ ಬಿಳಿಕಣಗಳನ್ನು ಮಾತ್ರ ತೆಗೆದುಹಾಕಿ ನೋಡಿದರು. ಪ್ರತಿಕಾಯಗಳಿದ್ದೂ ಹಂದಿಗಳು ರಕ್ಷಣೆ ಕಳೆದುಕೊಂಡವು. ಈ ರೋಗಕ್ಕೆ ಲಸಿಕೆ ಮಾಡುವುದು ಇಷ್ಟು ಕಷ್ಟವಾಗಿರುವುದಕ್ಕೆ ಇದೊಂದು ದೊಡ್ಡ ಕಾರಣ. ಪೋರ್ಚುಗಲ್ಲಿನಲ್ಲಿ ೧೯೬೦ರ ದಶಕದಲ್ಲಿ ಬಲಗುಂದಿಸಿದ ವೈರಸ್ಸನ್ನು ಲಸಿಕೆಯೆಂದು ಲಕ್ಷಾಂತರ ಹಂದಿಗಳಿಗೆ ಹಾಕಿದರು. ಅನೇಕವು ಅದರಿಂದಲೇ ನ್ಯುಮೋನಿಯ, ಕೀಲುಬಾವು, ಚರ್ಮದ ಹುಣ್ಣುಗಳಿಗೆ ತುತ್ತಾದವು, ರೋಗವನ್ನು ಹೊತ್ತು ತಿರುಗಿದವು. ವಿಯೆಟ್ನಾಮಿನಲ್ಲಿ ೨೦೨೨ರಲ್ಲಿ ಬಳಕೆಗೆ ತಂದ ಲಸಿಕೆಯನ್ನು ಕೆಲವೆಡೆ ಹಂದಿಗಳು ಸತ್ತಾಗ ಅದೇ ವರ್ಷ ತಡೆಹಿಡಿದು, ೨೦೨೩ರಲ್ಲಿ ಮತ್ತೆ ಅನುಮತಿ ಕೊಟ್ಟರು. ನಮ್ಮ ದೇಶದಲ್ಲಿ ಇದಕ್ಕೆ ಪರವಾನಗಿ ಪಡೆದ ಲಸಿಕೆ ಇಲ್ಲ. ಯಾರಾದರೂ ಗುಟ್ಟಾಗಿ ತಂದುಕೊಡುತ್ತೇವೆಂದರೆ ಪೋರ್ಚುಗಲ್ಲನ್ನು ನೆನೆಯಿರಿ.

ಉಳಿದ ಹಂದಿಯನ್ನು "ಇದು ಗಟ್ಟಿ ತಳಿ, ಸಂತಾನಕ್ಕೆ ಇಟ್ಟುಕೊಳ್ಳೋಣ" ಎನ್ನುವವರಿದ್ದಾರೆ. ಹಂದಿ ಜ್ವರದಿಂದ ಪೂರ್ತಿ ಗುಣವಾದ ಹಂದಿಗೆ ದೀರ್ಘಕಾಲದ ರಕ್ಷಣೆ ಇರುತ್ತದೆ ಎಂಬುದು ನಿಜ. ಅದೇ ಲೆಕ್ಕವನ್ನು ಆಫ್ರಿಕನ್ ಹಂದಿ ಜ್ವರಕ್ಕೆ ಹಚ್ಚಿದರೆ ಮುಂದಿನ ಹಿಂಡಿಗೂ ಕೊಳ್ಳಿ ಇಟ್ಟಂತೆ. ಉಳಿದ ಹಂದಿ ವಾರಗಳು, ಕೆಲವೊಮ್ಮೆ ತಿಂಗಳುಗಳ ಕಾಲ ವೈರಸ್ಸನ್ನು ಒಳಗಿಟ್ಟುಕೊಂಡಿರಬಲ್ಲದು.

ಟಾನಿಕ್ಕು, ಮುಸುರೆ ಮತ್ತು ಪರಿಹಾರ

ಈಗ ಟಾನಿಕ್ಕಿನ ಮಾತು. ರೋಗನಿರೋಧಕ ಶಕ್ತಿ ಹೆಚ್ಚಿಸುತ್ತೇವೆಂಬ ಪುಡಿ, ದ್ರಾವಣಗಳ ಬಾಟಲಿಗಳು ಪೇಟೆಯಲ್ಲಿ ಸಾಲುಗಟ್ಟಿ ನಿಂತಿವೆ. ಕಾವಲುಗಾರನನ್ನೇ ಮನೆಮಾಡಿಕೊಳ್ಳುವ ವೈರಸ್ಸಿನ ಮುಂದೆ ಕಾವಲುಗಾರನಿಗೆ ಹಾಲು ತುಪ್ಪ ತಿನ್ನಿಸಿ ಏನು ಫಲ? ಆ ಹಣದಲ್ಲಿ ಜಂತುಹುಳದ ಔಷಧ ಕೊಡಿಸಿ, ಮರಿಗಳಿಗೆ ಮೊದಲ ವಾರದಲ್ಲಿ ಕಬ್ಬಿಣಾಂಶದ ಚುಚ್ಚುಮದ್ದು ಹಾಕಿಸಿ, ಬೂಷ್ಟು ಹಿಡಿದ ಜೋಳ, ಕಡಲೆಹಿಂಡಿಗಳನ್ನು ಹಂದಿಗೆ ಹಾಕುವುದನ್ನು ನಿಲ್ಲಿಸಿರಿ. ಬೂಷ್ಟಿನ ಅಫ್ಲಾಟಾಕ್ಸಿನ್ ಎಂಬ ವಿಷ ಹಂದಿಯ ರೋಗನಿರೋಧಕ ಶಕ್ತಿಯನ್ನು ನಿಜವಾಗಿಯೂ ಕುಗ್ಗಿಸುತ್ತದೆ. "ಮನುಷ್ಯರಿಗಾಗದ್ದು ಹಂದಿಗಾದೀತು" ಎಂಬ ಹಳೆಯ ಧೋರಣೆ ಇಲ್ಲಿ ದುಬಾರಿಯಾಗುತ್ತದೆ.

ಮುಸುರೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಕೆಲವು ಅಧಿಕಾರಿಗಳಿಗೆ ಹಿಡಿಸಲಿಕ್ಕಿಲ್ಲ. ಹೋಟೆಲು, ಛತ್ರ, ಹಾಸ್ಟೆಲುಗಳ ಮುಸುರೆಯನ್ನು ಹಂದಿಗೆ ಹಾಕಲೇಬಾರದು ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವುದು ಸುಲಭ. ಆದರೆ ಬೆಂಗಳೂರಿನಂಥ ಪಟ್ಟಣಗಳ ಸುತ್ತ ಹಂದಿ ಸಾಕಿ ಬದುಕುವ ಬಡವನಿಗೆ ಮುಸುರೆಯೇ ಬಂಡವಾಳ. ಅದನ್ನು ಕಿತ್ತುಕೊಂಡರೆ ಅವನು ಕಸುಬನ್ನೇ ಬಿಡಬೇಕು, ಇಲ್ಲವೆ ಕದ್ದು ಹಾಕಬೇಕು. ಎರಡನೆಯದೇ ಹೆಚ್ಚಾಗಿ ನಡೆಯುವುದು. ಹಾಗೆಂದು ಅಪಾಯ ಸಣ್ಣದಲ್ಲ. ಈ ವೈರಸ್ಸು ಒಣಗಿಸಿದ, ಉಪ್ಪು ಹಾಕಿದ ಹಂದಿ ಮಾಂಸದಲ್ಲಿ ತಿಂಗಳುಗಟ್ಟಲೆ, ಶೈತ್ಯಾಗಾರದ ಮಾಂಸದಲ್ಲಿ ಅದಕ್ಕಿಂತಲೂ ಹೆಚ್ಚು ಕಾಲ ಜೀವ ಹಿಡಿದುಕೊಂಡಿರುತ್ತದೆ. ೧೯೫೭ರಲ್ಲಿ ಇದು ಆಫ್ರಿಕದಿಂದ ಪೋರ್ಚುಗಲ್ಲಿಗೆ ಬಂದದ್ದೇ ಲಿಸ್ಬನ್ ವಿಮಾನ ನಿಲ್ದಾಣದ ಎಂಜಲನ್ನು ಹಂದಿಗಳಿಗೆ ಹಾಕಿದ್ದರಿಂದ ಎನ್ನುತ್ತಾರೆ. ಆದರೆ ಬಿಸಿಯ ಮುಂದೆ ಇದು ಬಡಪಾಯಿ. ಮುಸುರೆಯನ್ನು ೯೦ ಡಿಗ್ರಿ ಸೆಂಟಿಗ್ರೇಡಿಗೆ ಕಡಿಮೆಯಿಲ್ಲದಂತೆ, ತಿರುವುತ್ತಾ, ಒಂದು ಗಂಟೆ ಕುದಿಸಿದರೆ ವೈರಸ್ಸು ಉಳಿಯದು. ತಿರುವುವುದು ಮುಖ್ಯ, ತಳದಲ್ಲಿ ಕುದಿದು ಮೇಲೆ ತೇಲುವ ಮೂಳೆ ತಣ್ಣಗಿದ್ದರೆ ಕುದಿಸಿದ ಸೌದೆಯೂ ದಂಡ. ಕುದಿಸಿದ್ದನ್ನು ಹಸಿ ಮುಸುರೆಯ ಡಬ್ಬಕ್ಕೆ ಮತ್ತೆ ಸುರಿಯಬೇಡಿರಿ. ಪಂಚಾಯತಿಯವರು ಹತ್ತು ಮನೆಗೊಂದು ದೊಡ್ಡ ಹಂಡೆ, ಒಲೆ ಕಟ್ಟಿಸಿಕೊಟ್ಟರೆ ಹತ್ತು ನಿಷೇಧಾಜ್ಞೆಗಳಿಗಿಂತ ಹೆಚ್ಚು ಉಪಕಾರವಾದೀತೆಂದು ನನಗೆ ತೋರುತ್ತದೆ.

ಕೊನೆಯದಾಗಿ ಮುಚ್ಚಿಡುವ ಚಾಳಿ. ರೋಗ ಖಚಿತವಾದರೆ ಸುತ್ತ ಒಂದು ಕಿಲೋಮೀಟರನ್ನು ಸೋಂಕಿತ ಪ್ರದೇಶವೆಂದೂ ಹತ್ತು ಕಿಲೋಮೀಟರನ್ನು ನಿಗಾ ಪ್ರದೇಶವೆಂದೂ ಸಾರಿ, ಸೋಂಕಿತ ಪ್ರದೇಶದ ಹಂದಿಗಳನ್ನು ಕೊಲ್ಲಿಸುತ್ತಾರೆ. ಇದಕ್ಕೆ ಹೆದರಿ ರೈತ ಜ್ವರ ಕಂಡ ದಿನವೇ ಉಳಿದ ಹಂದಿಗಳನ್ನು ಸಿಕ್ಕಿದ ಬೆಲೆಗೆ ಮಾರಿಬಿಡುತ್ತಾನೆ. ಮೈಯಲ್ಲಿ ರೋಗ ಬಲಿಯುತ್ತಿರುವ ಹಂದಿಗಳು ಹೀಗೆ ಊರೂರು ಸೇರುತ್ತವೆ. ೨೦೦೯ರ ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ಕಾಯಿದೆ ಮಾಲೀಕನು ರೋಗವನ್ನು ವರದಿ ಮಾಡಲೇಬೇಕೆನ್ನುತ್ತದೆ. ಆದರೆ ಕಾಯಿದೆಯ ಭಯವೊಂದರಿಂದ ಯಾರೂ ಬಾಯಿ ಬಿಡುವುದಿಲ್ಲ. ಸ್ಪೇನ್ ದೇಶದವರು ಈ ರೋಗವನ್ನು ಲಸಿಕೆಯೇ ಇಲ್ಲದೆ ೧೯೯೫ರ ಹೊತ್ತಿಗೆ ಬೇರು ಸಹಿತ ಕಿತ್ತರು. ಊರೂರಿನ ಹಂದಿಗಳ ರಕ್ತ ಪರೀಕ್ಷಿಸಿ, ಮೇಲೆ ಹೇಳಿದ ಸಾಕ್ಷಿ ಪ್ರತಿಕಾಯಗಳ ಮೂಲಕ ಗುಪ್ತ ರೋಗವಾಹಕಗಳನ್ನು ಪತ್ತೆಹಚ್ಚಿ ತೆಗೆದರು. ತೆಗೆದ ಹಂದಿಗೆ ರೈತನಿಗೆ ಹಣ ಕೊಟ್ಟರು. ನಮ್ಮಲ್ಲೂ ಕೊಲ್ಲಿಸಿದ ಹಂದಿಗಳಿಗೆ ಕೇಂದ್ರ, ರಾಜ್ಯ ಸರ್ಕಾರಗಳು ಸೇರಿ ಪರಿಹಾರ ಕೊಡುವ ಏರ್ಪಾಡಿದೆ. ಅದು ವರ್ಷ ಕಾಯಿಸದೆ, ಹಂದಿ ಹೋದ ತಿಂಗಳಲ್ಲೇ ಕೈಗೆ ಬರಬೇಕು. ಅದು ಬಂದರೆ ಮುಂದಿನ ಊರಿನ ರೈತ ತಾನಾಗಿ ಬಂದು ಹೇಳುತ್ತಾನೆ. ಬಾರದಿದ್ದರೆ ಹಂದಿಗಳು ರಾತ್ರಿ ಲಾರಿ ಹತ್ತುತ್ತವೆ.

ನಿಮ್ಮ ಕಡೆಯಿಂದ ಆಗಬೇಕಾದದ್ದು ಇಷ್ಟು. ಗುದದಲ್ಲಿಟ್ಟು ನೋಡುವ ಒಂದು ಉಷ್ಣಮಾಪಕ ಮನೆಯಲ್ಲಿರಲಿ. ಎರಡು ಹಂದಿಗಳಿಗೆ ಒಟ್ಟಿಗೆ ೪೧ ಡಿಗ್ರಿ ದಾಟಿದರೆ ಮಾರಾಟ, ಕೊಯ್ಯುವುದು, ಗೂಡಿನಿಂದ ಗೂಡಿಗೆ ಓಡಾಟ ಎಲ್ಲ ನಿಲ್ಲಿಸಿ ಅಂದೇ ಪಶುವೈದ್ಯರಿಗೆ ಹೇಳಿಕಳುಹಿಸಿರಿ. ಎರಡು ಜ್ವರಗಳೂ ಮನುಷ್ಯರಿಗೆ ಅಂಟುವುದಿಲ್ಲ, ಆ ಭಯ ಬೇಡ. ಆದರೆ ನಿಮ್ಮ ಚಪ್ಪಲಿ, ಬಟ್ಟೆ, ಗಾಡಿಯ ಚಕ್ರಗಳು ರೋಗವನ್ನು ಹೊತ್ತೊಯ್ಯುತ್ತವೆ. ಸತ್ತ ಹಂದಿಯನ್ನು ಕೆರೆಗೋ ಹಳ್ಳಕ್ಕೋ ಎಸೆಯದೆ, ವೈದ್ಯರು ಮಾದರಿ ತೆಗೆದ ಮೇಲೆ ನಾಯಿ ಕಾಡುಹಂದ�ಿಗಳು ಕೆದಕಲಾರದಷ್ಟು ಆಳಕ್ಕೆ ಸುಣ್ಣ ಹಾಕಿ ಹೂಳಿರಿ. ಆಫ್ರಿಕನ್ ಹಂದಿ ಜ್ವರವೆಂದು ಖಚಿತವಾಗಿ ಗೂಡು ಖಾಲಿಯಾಗಿದ್ದರೆ ತೊಳೆದು, ಶೇಕಡಾ ೨ರ ಕಾಸ್ಟಿಕ್ ಸೋಡ ದ್ರಾವಣ ಹೊಡೆದು, ೪೦ ದಿನ ಹಾಗೇ ಬಿಡಬೇಕು. ಆಮೇಲೂ ಒಮ್ಮೆಗೇ ತುಂಬದೆ ಗೂಡಿನ ಅಳತೆಯ ಹತ್ತರಲ್ಲೊಂದು ಪಾಲು ಹಂದಿಗಳನ್ನು ಮಾತ್ರ ತಂದು ಎಲ್ಲ ಮೂಲೆಗಳಲ್ಲೂ ತಿರುಗಾಡಲು ಬಿಡಿ. ಇನ್ನೂ ಆರು ವಾರ ಕಳೆದು ಅವುಗಳ ರಕ್ತದಲ್ಲಿ ಪ್ರತಿಕಾಯಗಳಿಲ್ಲವೆಂದು ಪ್ರಯೋಗಾಲಯದಿಂದ ವರದಿ ಬಂದ ಮೇಲೆ ಉಳಿದವನ್ನು ತರಬಹುದು.